127ರವರೆಗೆ ಎಲ್ಲ ಸರಿಯಿತ್ತು

ಇವತ್ತು ನಾನೇ ಮಾಡಿದ ಒಂದು ಎಡವಟ್ಟಿನ ಕಥೆ. ನಾನು ಓದಿದ್ದು ಬಿಕಾಂ, ಕೋಡಿಂಗ್ ಕಲಿತದ್ದು ಯೂಟ್ಯೂಬ್ ನೋಡ್ಕೊಂಡು. ಕಲಿತ ಹುಮ್ಮಸ್ಸಲ್ಲಿ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಗೆ ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಬಿಲ್ ಮೊತ್ತದ್ದು ಒಂದು ಪಟ್ಟಿ, ಬಂದ ದುಡ್ಡಿಂದು ಇನ್ನೊಂದು. ಎರಡೂ ತಾಳೆಯಾದ್ರೆ ಚುಕ್ತಾ, ಇಲ್ಲಾಂದ್ರೆ ಬಾಕಿ. ಅಷ್ಟೇ.

50, 80, 100 ಅಂತ ಹಾಕಿ ಪರೀಕ್ಷೆ ಮಾಡಿದೆ. ಎಲ್ಲ ಚುಕ್ತಾ. ಖುಷಿಯಾಗಿ ಅಂಗಡಿಯ ನಿಜವಾದ ಲೆಕ್ಕ ತುಂಬಿಸಿ ಕೊಟ್ಟೆ. ಸಂಜೆ ಚಿಕ್ಕಪ್ಪ ಬಾಕಿ ಪಟ್ಟಿ ನೋಡಿ ಹಳೇ ಗಿರಾಕಿಯೊಬ್ಬರಿಗೆ ಫೋನ್ ಮಾಡಿದ್ರು. ಆ ಕಡೆಯಿಂದ, "ಮೊನ್ನೆ ತಾನೇ 1,280 ರೂಪಾಯಿ ಕೈಗೆ ಕೊಟ್ಟೆನಲ್ಲ ಸ್ವಾಮಿ, ಮರೆತುಬಿಟ್ರಾ?" ಚಿಕ್ಕಪ್ಪನ ಮುಖ ನೋಡೋಕಾಗ್ಲಿಲ್ಲ ನಂಗೆ.

ಪಟ್ಟಿಯಲ್ಲಿ ಸಣ್ಣ ಬಿಲ್ ಎಲ್ಲ ಸರಿ, ದೊಡ್ಡದೆಲ್ಲ ಬಾಕಿ. ಹುಡುಕ್ತಾ ಹೋದ್ರೆ ಗಡಿ ಸಿಕ್ತು: 127 ಸರಿ, 128 ತಪ್ಪು!

ಆಗಿದ್ದಿಷ್ಟು. ಜಾವಾ ಪಟ್ಟಿಯೊಳಗೆ ಸಂಖ್ಯೆ ಬರೀ ಸಂಖ್ಯೆಯಾಗಿ ಕೂರಲ್ಲ, ಇಂಟಿಜರ್ ಅನ್ನೋ ಆಬ್ಜೆಕ್ಟ್ ಆಗುತ್ತೆ. ಎರಡು ಆಬ್ಜೆಕ್ಟ್ ನಡುವೆ ಡಬಲ್ ಈಕ್ವಲ್ ಹಾಕಿದ್ರೆ ಜಾವಾ ಬೆಲೆ ನೋಡೋದೇ ಇಲ್ಲ. "ಇವೆರಡೂ ಒಂದೇ ಆಬ್ಜೆಕ್ಟಾ?" ಅಂತ ಮಾತ್ರ ಕೇಳುತ್ತೆ. ಬ್ಯಾಂಕ್ ಭಾಷೇಲಿ ಹೇಳ್ತೀನಿ, ನಂಗೆ ಬರೋದು ಅದೇ. ಗಂಡ ಹೆಂಡತಿಯ ಜಾಯಿಂಟ್ ಅಕೌಂಟ್ ಇದ್ರೆ ಹೆಸರು ಎರಡು, ಖಾತೆ ಒಂದೇ. ಒಬ್ಬರು ತೆಗೆದ್ರೆ ಇನ್ನೊಬ್ಬರ ಬ್ಯಾಲೆನ್ಸೂ ಇಳಿಯುತ್ತೆ. ನಿಮ್ಮ ಖಾತೇಲಿ 1,280, ನನ್ನ ಖಾತೇಲೂ 1,280 ಇದ್ರೆ ಮೊತ್ತ ಸಮ, ಖಾತೆ ಬೇರೆ. ನನ್ನ ಪ್ರೋಗ್ರಾಂ ಖಾತೆ ನಂಬರ್ ಹೋಲಿಸ್ತಾ ಕೂತಿತ್ತು.

ಹಾಗಾದ್ರೆ 100 ಹೇಗೆ ಪಾಸಾಯ್ತು? ಮೆಮೊರಿ ಉಳಿಸೋಕೆ ಜಾವಾ ಮೈನಸ್ 128ರಿಂದ 127ರವರೆಗಿನ ಇಂಟಿಜರ್‌ಗಳನ್ನ ಮೊದಲೇ ಮಾಡಿಟ್ಟು, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತೆ. ಅದರಾಚೆ ಸಾಮಾನ್ಯವಾಗಿ ಪ್ರತಿ ಸಲ ಹೊಸದು. ಅಂದ್ರೆ ನನ್ನ ಪರೀಕ್ಷೆ ಪಾಸಾಗಿದ್ದು ಅದೃಷ್ಟದಿಂದ. ತಪ್ಪು ಉತ್ತರ ಬಂದಿದ್ರೆ ಅವತ್ತೇ ಸಿಕ್ಕಿಬೀಳ್ತಿದ್ದೆ.

ಡಬಲ್ ಈಕ್ವಲ್ ತೆಗೆದು ಈಕ್ವಲ್ಸ್ ಮೆಥಡ್ ಹಾಕಿದೆ, ಒಂದೇ ಸಾಲಿನ ರಿಪೇರಿ. ಆದ್ರೆ ನೀವೇ 'ಗಿರಾಕಿ' ಅಂತ ಕ್ಲಾಸ್ ಬರೆದ್ರೆ ಅಷ್ಟು ಸಾಲದು. ಯಾವುದು ಸಮ ಅಂತ ನೀವೇ ಈಕ್ವಲ್ಸ್ ಬರೀಬೇಕು, ಜೊತೆಗೆ ಹ್ಯಾಶ್‌ಕೋಡೂ ಬರೀಬೇಕು. ಇಲ್ದಿದ್ರೆ ಹ್ಯಾಶ್‌ಸೆಟ್ ಒಬ್ಬರನ್ನೇ ಎರಡು ಸಲ ಸೇರಿಸ್ಕೊಳ್ಳುತ್ತೆ.

ಪೈಥಾನ್‌ನವರು ನಗಬೇಡಿ. ನಿಮ್ಮಲ್ಲಿ ಡಬಲ್ ಈಕ್ವಲ್ ಬೆಲೆ ನೋಡುತ್ತೆ ನಿಜ, ಆದ್ರೆ 'ಇಸ್' ಹಾಕಿದ್ರೆ ಇದೇ ಗುಂಡಿ. ಸಿಪೈಥಾನ್‌ನಲ್ಲಿ ಹಾಗೆ ಮೊದಲೇ ಮಾಡಿಟ್ಟ ಸಂಖ್ಯೆಗಳು ಮೈನಸ್ 5ರಿಂದ 256ರವರೆಗೆ ಅಂತ ಬಹಳ ಕಾಲದಿಂದ ನಡೆದುಬಂದಿದೆ.

ಚಿಕ್ಕಪ್ಪ ಈಗಲೂ ಅದೇ ಪ್ರೋಗ್ರಾಂ ಬಳಸ್ತಾರೆ. ಆದ್ರೆ ಬಾಕಿ ಪಟ್ಟಿ ಬಂದ ತಕ್ಷಣ ನನ್ನ ಕಡೆ ಫೋನ್ ಚಾಚ್ತಾರೆ: "ಮೊದಲನೇ ಕಾಲ್ ನೀನೇ ಮಾಡಪ್ಪ."