ಪ್ರೌಢವಯಸ್ಸಿನ ಮೊಡವೆ: ಉಗ್ರೌಷಧವೋ, ಸೌಮ್ಯೋಪಚಾರವೋ?



ಮೊಡವೆಯೆಂಬುದು ಕಾಲುಗಂಟೆಯ ಭಾಷಣಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರು ನಗಬಹುದು. ಹರೆಯದ ಹುಡುಗರ ಹಣೆಯ ಮೇಲೆ ನಾಲ್ಕು ಗುಳ್ಳೆಗಳು ಏಳುತ್ತವೆ, ವಯಸ್ಸು ಕಳೆದಂತೆ ತಾವಾಗಿಯೇ ಅಡಗುತ್ತವೆ, ಇದರಲ್ಲಿ ಚರ್ಚಿಸತಕ್ಕದ್ದೇನು? ನಾವೂ ಕೆಲಕಾಲದ ಹಿಂದಿನವರೆಗೆ ಹಾಗೆಯೇ ಎಣಿಸಿದ್ದೆವು. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಹೇಳತಕ್ಕವರು. ಆದರೆ ನಮ್ಮ ಬಳಗದಲ್ಲಿಯೇ ನಡೆದ ಒಂದು ಸಂಗತಿಯು, ಈ ವಿಷಯವಾಗಿ ಓದುವಂತೆಯೂ ಬಲ್ಲವರನ್ನು ಕೇಳುವಂತೆಯೂ ನಮ್ಮನ್ನು ಮಾಡಿತು. ಅದನ್ನೇ ಈ ದಿನ ತಮ್ಮ ಮುಂದೆ ಇಡುತ್ತೇವೆ.

ನಮ್ಮ ತಂಗಿಯನ್ನು ಕೊಟ್ಟಿರುವುದು ಬಬಲೇಶ್ವರ ತಾಲ್ಲೂಕಿನ ಸಾರವಾಡಕ್ಕೆ. ಅದು ಡೋಣಿ ಸೀಮೆಯ ಊರು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ ಕರಿಯ ನೆಲ. ತಂಗಿಯ ಮಗಳು ಶಾಲೆಯಲ್ಲಿ ಉಪಾಧ್ಯಾಯಿನಿ, ವಯಸ್ಸು 28. ಹದಿನಾರರಲ್ಲಿ ತಿಳಿಯಾಗಿದ್ದ ಮುಖದಲ್ಲಿ ಇಪ್ಪತ್ತಾರು ತುಂಬಿದ ಮೇಲೆ ಮೊಡವೆಗಳೆದ್ದವು. ದವಡೆಯ ಅಂಚಿನಲ್ಲಿಯೂ ಗದ್ದದ ಕೆಳಗೂ ಆಳದಲ್ಲಿ ಗಂಟುಕಟ್ಟಿ, ಮುಟ್ಟಿದರೆ ನೋಯುವಂಥವು. ತಿಂಗಳು ತಿಂಗಳಿಗೂ ಋತುಕಾಲದ ಮುಂಚೆ ಕೆರಳುವಂಥವು. ಕಡಲೆಹಿಟ್ಟು, ಅರಿಸಿನ, ಬೇವಿನೆಲೆ ಎಲ್ಲವೂ ಆದವು. ಕೊನೆಗೆ ಯಾರೋ ಹೇಳಿದರೆಂದು ಪೇಟೆಯ ಔಷಧದ ಅಂಗಡಿಯೊಂದರಲ್ಲಿ, ವೈದ್ಯರ ಚೀಟಿಯಿಲ್ಲದೆಯೇ, ಒಂದು ಟ್ಯೂಬು ಮುಲಾಮು ಕೊಂಡು ತಂದರು.

ಒಂದು ವಾರದಲ್ಲಿ ಮುಖವು ಬೆಳಗಿತು. ಮನೆಯವರು ಹಿಗ್ಗಿದರು. ಎರಡು ತಿಂಗಳಾದ ಮೇಲೆ ಟ್ಯೂಬು ಮುಗಿದು, ಹಚ್ಚುವುದು ನಿಂತೊಡನೆ ಮುಖ ಕೆಂಪೇರಿ ಉರಿಯತೊಡಗಿತು. ಮೊಡವೆಗಳು ಮೊದಲಿಗಿಂತ ಹೆಚ್ಚಾಗಿ ಎದ್ದವು. ಆ ಮುಲಾಮಿನಲ್ಲಿದ್ದುದು ಸ್ಟೀರಾಯ್ಡ್. ಅದು ಉರಿಯನ್ನು ತತ್ಕಾಲಕ್ಕೆ ಅಡಗಿಸುವುದರಿಂದ ಗುಣವಾದಂತೆ ತೋರುತ್ತದೆ. ದಿನ ಕಳೆದಂತೆ ಚರ್ಮವನ್ನು ತೆಳುವಾಗಿಸಿ, ಬೇಡದ ಕಡೆ ಕೂದಲನ್ನು ಬೆಳೆಸಿ, ತಾನೇ ಹೊಸ ಮೊಡವೆಗಳನ್ನು ಎಬ್ಬಿಸುತ್ತದೆ. ಇಂತಹ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ನಿಯಮವು ಕಾಗದದ ಮೇಲೆ ಬಂದ ಮಾತ್ರಕ್ಕೆ ಅಂಗಡಿಯ ಕಟ್ಟೆಗೆ ಬಂದಿತೆಂದು ಹೇಳುವಂತಿಲ್ಲ. ಸೌಮ್ಯವೆಂದು ತಿಳಿದು ನಾವು ಮನೆಗೆ ತರುವ ವಸ್ತುವೇ ಉಗ್ರವಾಗಿರಬಹುದೆಂಬುದು ನಾವು ಕಲಿತ ಮೊದಲ ಪಾಠ.

ಆ ಮೇಲೆ ಅವಳು ವಿಜಯಪುರದ ಒಬ್ಬ ಚರ್ಮವೈದ್ಯರಲ್ಲಿಗೆ ಹೋದಳು. ಅವರು ಅವಸರಪಡದೆ ನೋಡಿ, ಎರಡು ದಾರಿಗಳುಂಟೆಂದು ತಿಳಿಸಿದರು. ಒಂದು, ಹಚ್ಚುವ ಔಷಧಗಳ ನಿಧಾನದ ದಾರಿ. ಇನ್ನೊಂದು, ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯ ಬಲವಾದ ದಾರಿ. ಯಾವುದನ್ನು ಹಿಡಿಯಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ಪ್ರಾಚೀನರು ಈ ರೋಗವನ್ನು ಯೌವನಪಿಡಕಾ ಎಂದೂ ಮುಖದೂಷಿಕಾ ಎಂದೂ ಕರೆದರು. ಸುಶ್ರುತನು ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿ, ಬೂರುಗದ ಮರದ ಮುಳ್ಳಿಗೆ ಹೋಲಿಸಿದ್ದಾನೆ. ಆ ಮರದ ಕಾಂಡವನ್ನು ನೋಡಿದವರಿಗೆ ಹೋಲಿಕೆಯ ಸೊಗಸು ತಿಳಿಯುತ್ತದೆ. ಚಿಕಿತ್ಸೆ ಹೇಳುವಲ್ಲಿ ಅವನು ಎರಡನ್ನು ಹೇಳುತ್ತಾನೆ: ವಾಂತಿ ಮಾಡಿಸುವ ವಮನವೆಂಬ ಉಗ್ರಕ್ರಿಯೆ ಒಂದು, ಬಜೆ, ಲೋಧ್ರ, ಸೈಂಧವ ಲವಣ, ಸಾಸುವೆಗಳ ಲೇಪ ಮತ್ತೊಂದು. ಒಳಗಿನಿಂದ ಶೋಧಿಸುವುದೂ ಹೊರಗಿನಿಂದ ಹಚ್ಚುವುದೂ ಆಗಲೇ ಪಕ್ಕಪಕ್ಕದಲ್ಲಿ ನಿಂತಿದ್ದವು. ಹೆಸರು ಮಾತ್ರ ಪೂರ್ಣವಾಗಿ ಒಪ್ಪುವುದಿಲ್ಲ. ಯೌವನದ ಮೊದಲ ಭರ ಇಳಿದ ಮೇಲೆಯೂ, ಇಪ್ಪತ್ತೈದು ಮೂವತ್ತು ನಲವತ್ತರಲ್ಲಿಯೂ, ಹೆಚ್ಚಾಗಿ ಹೆಂಗಸರಲ್ಲಿ, ಇದು ಕಾಣಿಸಿಕೊಳ್ಳುತ್ತದೆ.

ರೋಗದ ಬಗೆ ಇಷ್ಟು. ಚರ್ಮದ ರೋಮಕೂಪಕ್ಕೆ ಸೇರಿದಂತೆ ಜಿಡ್ಡನ್ನು ಸ್ರವಿಸುವ ಗ್ರಂಥಿಯೊಂದುಂಟು. ಜಿಡ್ಡು ಹೆಚ್ಚಾಗುವುದು, ಸತ್ತ ಚರ್ಮದ ಹೊಟ್ಟಿನಿಂದ ಕೂಪದ ಬಾಯಿ ಕಟ್ಟಿಕೊಳ್ಳುವುದು, ಅಲ್ಲಿ ವಾಸವಾಗಿರುವ ಒಂದು ಬಗೆಯ ಸೂಕ್ಷ್ಮಜೀವಿ ಹೆಚ್ಚುವುದು, ಅದರ ಸುತ್ತ ಉರಿಯೂತವೇಳುವುದು: ಈ ನಾಲ್ಕೂ ಕೂಡಿದರೆ ಮೊಡವೆ. ಮುಖವನ್ನು ಎಷ್ಟು ಸಲ ಸೋಪಿನಿಂದ ಉಜ್ಜಿದರೂ ಒಳಗಿನ ಈ ವ್ಯಾಪಾರವು ನಿಲ್ಲುವುದಿಲ್ಲ. ಆದುದರಿಂದ ಮೊಡವೆಯುಳ್ಳವರನ್ನು ಕೊಳಕರೆಂದು ಎಣಿಸುವುದು ಅನ್ಯಾಯ.

ಸೌಮ್ಯವಾದ ದಾರಿಯಲ್ಲಿ ಏನೇನುಂಟು? ಬೆನ್ಜಾಯಿಲ್ ಪೆರಾಕ್ಸೈಡ್ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ. ಇದರ ನೂರಕ್ಕೆ ಎರಡೂವರೆ ಅಂಶದ ಮುಲಾಮು ಹತ್ತು ಅಂಶದ್ದಕ್ಕೆ ಹೆಚ್ಚುಕಡಮೆ ಸಮವಾಗಿಯೇ ಕೆಲಸ ಮಾಡಿ, ಕಡಮೆ ಉರಿಸುತ್ತದೆ. ಬಲ ಹೆಚ್ಚಿದರೆ ಗುಣ ಹೆಚ್ಚುವುದೆಂಬ ನಮ್ಮ ನಂಬಿಕೆಗೆ ಇದೊಂದು ತಕ್ಕ ಉತ್ತರ. ಇದು ಟವೆಲು ದಿಂಬುಗಳ ಬಣ್ಣವನ್ನು ತಿನ್ನುತ್ತದೆಂಬುದನ್ನೂ ತಿಳಿದಿರತಕ್ಕದ್ದು. ಅಡಾಪಲೀನ್ ಎಂಬ ಜೆಲ್ಲು ಕೂಪದ ಬಾಯನ್ನು ಬಿಡಿಸುತ್ತದೆ. ರಾತ್ರಿ ಬಟಾಣಿಕಾಳಿನಷ್ಟು ಮುಖಕ್ಕೆಲ್ಲ ತೆಳುವಾಗಿ ಹಚ್ಚತಕ್ಕದ್ದು, ಗುಳ್ಳೆಯ ಮೇಲೆ ಮಾತ್ರವಲ್ಲ. ಅಝೆಲಾಯಿಕ್ ಆಮ್ಲವು ಮೊಡವೆಯ ಕಲೆಯನ್ನೂ ತಿಳಿಯಾಗಿಸುತ್ತದೆ. ಗರ್ಭಿಣಿಯರಿಗೂ ವೈದ್ಯರು ಇದನ್ನು ಕೊಡುವುದುಂಟು. ಹೆಂಗಸರಿಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಗುಳಿಗೆಯ ಮಧ್ಯಮಾರ್ಗವೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 410 ಹೆಂಗಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಇದರ ಗುಣ 12 ವಾರಗಳಲ್ಲಿ ಅಲ್ಪವಾಗಿ ಕಂಡು, 24 ವಾರಗಳಲ್ಲಿ ಚೆನ್ನಾಗಿ ಕಂಡಿತು. ಇದನ್ನೂ ಗರ್ಭಿಣಿಯರು ಸೇವಿಸತಕ್ಕದ್ದಲ್ಲ.

ಇವೆಲ್ಲವಕ್ಕೂ ಬೇಕಾದದ್ದು ಕಾಲ. ಎಂಟರಿಂದ ಹನ್ನೆರಡು ವಾರಗಳಿಗೆ ಮುಂಚೆ ತೀರ್ಪು ಹೇಳಕೂಡದು. ನಮ್ಮವರು ಹತ್ತು ದಿನ ಹಚ್ಚಿ, ಚರ್ಮ ಒಣಗಿತೆಂದು ಬಿಟ್ಟು, ಔಷಧವೇ ಕೆಟ್ಟದ್ದೆನ್ನುತ್ತಾರೆ. ತಂಗಿಯ ಯಜಮಾನರು ಒಕ್ಕಲುತನದವರು. ಮಗಳು ಮೂರನೆಯ ವಾರದಲ್ಲಿ ಬೇಸತ್ತಾಗ ಅವರು ಹೇಳಿದ ಮಾತು ನಮಗೆ ನೆನಪಿದೆ: “ಹಿಂಗಾರಿ ಜ್ವಾಳ ಬಿತ್ತಿ, ಮೂರನೇ ದಿನಕ್ಕ ತೆನಿ ಎಲ್ಲೈತಿ ಅಂತ ಕೇಳಿದ್ರ ಹೆಂಗವ್ವಾ?”

ಇನ್ನು ಬಲವಾದ ದಾರಿ. ಐಸೊಟ್ರೆಟಿನಾಯಿನ್ ಎ ಜೀವಸತ್ವದ ವಂಶಕ್ಕೆ ಸೇರಿದ ವಸ್ತು. 1979ರಲ್ಲಿ ಅಮೆರಿಕದ ವೈದ್ಯರು, ಬೇರೆ ಯಾವ ಮದ್ದಿಗೂ ಬಗ್ಗದ 14 ಮಂದಿ ರೋಗಿಗಳಿಗೆ ಇದನ್ನು ಕೊಟ್ಟಾಗ 13 ಮಂದಿಯ ಮುಖ ಪೂರ್ಣವಾಗಿ ತಿಳಿಯಾಯಿತೆಂದು ಪ್ರಕಟಿಸಿದರು. 1982ರಲ್ಲಿ ಆ ದೇಶದ ಸರ್ಕಾರ ಅದಕ್ಕೆ ಅನುಮತಿಯಿತ್ತಿತು. ಜಿಡ್ಡಿನ ಗ್ರಂಥಿಯನ್ನೇ ಅದು ಕುಗ್ಗಿಸುವುದರಿಂದ, ಮದ್ದು ನಿಂತ ಮೇಲೆಯೂ ಅನೇಕರಿಗೆ ಮೊಡವೆ ಮರಳುವುದಿಲ್ಲ. ದೇಹದ ತೂಕದ ಕಿಲೋ ಒಂದಕ್ಕೆ ಒಟ್ಟು 120ರಿಂದ 150 ಮಿಲಿಗ್ರಾಂ ಆಗುವಂತೆ, ಐದಾರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಕೊಡುವುದು ವಾಡಿಕೆ. ಜಿಡ್ಡಿನೊಡನೆ ಚೆನ್ನಾಗಿ ಹೀರಲ್ಪಡುವುದರಿಂದ ಊಟದೊಡನೆ ಸೇವಿಸತಕ್ಕದ್ದು.

ಇದರ ಬೆಲೆಯನ್ನೂ ಹೇಳಬೇಕಷ್ಟೆ. ತುಟಿ ಒಡೆಯುವುದು ಹೆಚ್ಚುಕಡಮೆ ಎಲ್ಲರಿಗೂ ಆಗುತ್ತದೆ. ಕಣ್ಣು ಮೂಗು ಒಣಗುವುದು, ಬಿಸಿಲಿಗೆ ಚರ್ಮ ಬೇಗ ಸುಡುವುದು ಉಂಟು; ವಿಜಯಪುರದ ಬೇಸಗೆಯಲ್ಲಿ ಇದು ಸಣ್ಣ ಮಾತಲ್ಲ. ರಕ್ತದ ಕೊಬ್ಬು ಏರಬಹುದು, ಯಕೃತ್ತಿಗೆ ತೊಂದರೆಯಾಗಬಹುದು; ಅದಕ್ಕಾಗಿ ರಕ್ತಪರೀಕ್ಷೆ. ಮನಸ್ಸನ್ನು ಕುಂದಿಸುವುದೆಂಬ ಆಕ್ಷೇಪಣೆ ಬಹುಕಾಲದಿಂದ ಇದೆ. ದೊಡ್ಡ ಪ್ರಮಾಣದ ಪರಿಶೀಲನೆಗಳಲ್ಲಿ ಅದು ಸ್ಥಿರಪಟ್ಟಿಲ್ಲ. ಆದಾಗ್ಯೂ ಒಬ್ಬೊಬ್ಬರ ವಿಷಯದಲ್ಲಿ ಮನೆಯವರು ಎಚ್ಚರವಾಗಿರುವುದು ಒಳ್ಳೆಯದು.

ಇವೆಲ್ಲಕ್ಕಿಂತ ಗುರುತರವಾದದ್ದು ಒಂದುಂಟು. ಗರ್ಭಿಣಿಯು ಇದನ್ನು ಸೇವಿಸಿದರೆ ಶಿಶುವಿನ ಮೆದುಳು, ಹೃದಯ, ಮುಖಗಳು ವಿಕಾರವಾಗುವ ಭಯ ಬಹಳ. ಮದ್ದು ಬಳಕೆಗೆ ಬಂದ ಸ್ವಲ್ಪಕಾಲದಲ್ಲಿಯೇ ಇದು ಕಂಡುಬಂದಿತು. ಅಮೆರಿಕದಲ್ಲಿ 2006ರಿಂದ, ಹೆಸರು ನೋಂದಾಯಿಸಿ, ಗರ್ಭವಿಲ್ಲವೆಂದು ಪರೀಕ್ಷೆಯಿಂದ ತಿಳಿಯದೆ ಹೆಂಗಸರಿಗೆ ಇದನ್ನು ಕೊಡಕೂಡದೆಂಬ ಕಟ್ಟಳೆಯಾಯಿತು. ಸೇವನೆಯ ಕಾಲದಲ್ಲಿಯೂ, ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಇಲ್ಲಿ ನಮ್ಮ ಸಮಾಜದ ಒಂದು ಗುಟ್ಟನ್ನು ಬಿಚ್ಚಿ ಹೇಳಲೇಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಮೊಡವೆಗೆ ಮದ್ದು ಮಾಡಿಸಿಕೊಳ್ಳುವುದು ಬಹುಮಟ್ಟಿಗೆ ಮದುವೆಯ ಮಾತು ಬಂದಾಗ. ಕನ್ಯೆಯಲ್ಲವೆ ಎಂದು ಗರ್ಭದ ಮಾತನ್ನು ಯಾರೂ ಎತ್ತುವುದಿಲ್ಲ. ತಾಯಿಗೆ ಸಂಕೋಚ, ಮಗಳಿಗೆ ನಾಚಿಕೆ. ಅಷ್ಟರಲ್ಲಿ ಸಂಬಂಧ ಕೂಡಿಬಂದು, ಹದಿನೈದು ದಿನಗಳಲ್ಲಿ ಲಗ್ನವಾಗುತ್ತದೆ. ಗುಳಿಗೆಯ ಪಟ್ಟಿ ಪೆಟ್ಟಿಗೆಯಲ್ಲಿ ಅತ್ತೆಯ ಮನೆಗೂ ಹೋಗುತ್ತದೆ; ಉಳಿದುದನ್ನು ಪಾಪ, ನಾದಿನಿಗೂ ಕೊಡುತ್ತಾಳೆ. ವಿಪತ್ತು ಕುಳಿತಿರುವುದು ಸರಿಯಾಗಿ ಆ ಸ್ಥಳದಲ್ಲಿ.

ಸಾರವಾಡದ ಪಡಸಾಲೆಯಲ್ಲಿ ನಡೆದ ಮಾತೂ ಇದೇ. “ಅಣ್ಣಾ, ಮಾರಿ ಹಿಂಗಿದ್ರ ನೋಡಾಕ ಬಂದವ್ರು ಏನ ಅಂದಾರು? ಜಲ್ದಿ ಆಗೋದನ್ನ ಕೊಡಸು” ಎಂದು ತಂಗಿ ಕೇಳಿದಳು. ಸೋದರಸೊಸೆ ಬಹಳ ಹೊತ್ತು ಸುಮ್ಮನಿದ್ದು, “ಮಾಮಾ, ಮಾರಿ ನಂದು. ನೋಡಾಕ ಬರೋವ್ರದಲ್ಲ” ಎಂದಳು. ನಮ್ಮ ಬಳಿ ಅದಕ್ಕೆ ಮರುಮಾತಿರಲಿಲ್ಲ.

ವೈದ್ಯರ ಸಲಹೆಯಂತೆ ಮೊದಲು ಮೂರು ತಿಂಗಳು ಸೌಮ್ಯದ ದಾರಿಯನ್ನೇ ಹಿಡಿದಳು. ಮೇಲಿನ ಸಣ್ಣ ಗುಳ್ಳೆಗಳು ಅಡಗಿದವು. ಆಳದ ಗಂಟುಗಳು ಅಡಗಲಿಲ್ಲ, ಕೆನ್ನೆಯಲ್ಲಿ ಎರಡು ಹೊಸ ಗುಂಡಿಗಳು ಬಿದ್ದವು. ಬಿದ್ದ ಗುಂಡಿಯನ್ನು ಯಾವ ಮುಲಾಮೂ ತುಂಬಲಾರದು. ಇನ್ನು ಕಾಯುವುದೇ ಉಗ್ರವೆಂದು ಕಂಡಾಗ ಅವಳು ಗುಳಿಗೆಗೆ ಒಪ್ಪಿದಳು. ಆ ವೇಳೆಗೆ ಒಂದು ಸಂಬಂಧದ ಮಾತು ನಡೆದಿತ್ತು. ಮದ್ದು ಮುಗಿದು ಒಂದು ತಿಂಗಳು ಕಳೆಯುವವರೆಗೆ ಲಗ್ನ ಬೇಡವೆಂದು ಅವಳೇ ಗಂಡಿನ ಕಡೆಯವರಿಗೆ ಕಾರಣ ಸಹಿತ ಹೇಳಿಕಳುಹಿಸಿದಳು. ನಮ್ಮ ತಂಗಿ ಎರಡು ದಿನ ಊಟ ಬಿಟ್ಟಳು. ಗಂಡಿನ ತಾಯಿ ಮಾತ್ರ ಕಾಯುತ್ತೇವೆಂದು ಹೇಳಿಕಳುಹಿಸಿದರು.

ಆದಕಾರಣ, ಮಹಾಶಯರೇ, ಉಗ್ರವೋ ಸೌಮ್ಯವೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮದ್ದಿನ ಬಲವನ್ನು ರೋಗದ ಆಳಕ್ಕೆ ಸರಿಯಾಗಿ ತೂಗಬೇಕು. ನಮ್ಮ ಅವಸರಕ್ಕಲ್ಲ, ನೋಡುವವರ ಕಣ್ಣಿಗಲ್ಲ. ಮೇಲಿನ ಗುಳ್ಳೆಗಳಿಗೆ ಸೌಮ್ಯವೇ ಸಾಕು, ತಾಳ್ಮೆಯಿದ್ದರೆ. ಗಂಟುಕಟ್ಟಿ ಗುಂಡಿ ಬೀಳುತ್ತಿದ್ದರೆ ಬಲವಾದ ಮದ್ದಿಗೆ ಅಂಜಿ ಕಾಲ ಕಳೆಯುವುದು ದಯೆಯಲ್ಲ. ಬಲವಾದುದನ್ನು ಹಿಡಿದ ಮೇಲೆ ಅದರ ಕಟ್ಟಳೆಯನ್ನು ನಾಚದೆ ಮನೆಯಲ್ಲಿ ಮಾತಾಡಬೇಕು.

ಅವಳಿಗೆ ಈಗ ನಾಲ್ಕನೆಯ ತಿಂಗಳು. ಕಳೆದ ವಾರ ಹೋಗಿದ್ದೆವು. ತುಟಿಗೆ ತುಪ್ಪ ಸವರಿಕೊಂಡು ಶಾಲೆಗೆ ಹೊರಟಿದ್ದಳು. ಬಾಗಿಲ ಬಳಿ ತಾಯಿಯೇ ತಡೆದು ಕೇಳುತ್ತಿದ್ದಳು: “ಗುಳಗಿ ತಗೊಂಡಿಯೇನವ್ವಾ? ಈ ತಿಂಗಳ ರಕ್ತ ತಪಾಸ ಮಾಡ್ಸೂದು ಯಾವತ್ತು?”