ಮಾಬುಕಳದ ಸೇತುವೆಯೂ ಎರಡು ಅವ್ಯಕ್ತಗಳೂ



ಐದು ನದಿಗಳ ನೀರು ಕೂಡಿ ಕಡಲನ್ನು ಸೇರುವ ಪಂಚಗಂಗಾವಳಿಯ ಅಳಿವೆಯಲ್ಲಿ, ಕುಂದಾಪುರಕ್ಕೆ ಇದಿರಾಗಿರುವ ಗಂಗೊಳ್ಳಿಯ ಬಂದರಿಗೆ ಒಂದು ಮುಂಜಾನೆ ದೋಣಿಯೊಂದು ಬಂಗುಡೆಯನ್ನು ತಂದಿತೆಂದೂ, ಅದನ್ನು 40 ಕಿಲೋ ಹಿಡಿಯುವ ದೊಡ್ಡ ಬುಟ್ಟಿಗಳಲ್ಲಿಯೂ 25 ಕಿಲೋ ಹಿಡಿಯುವ ಸಣ್ಣ ಬುಟ್ಟಿಗಳಲ್ಲಿಯೂ ತುಂಬಿದರೆಂದೂ, ಮೀನಿನ ಒಟ್ಟು ತೂಕ 530 ಕಿಲೋ ಆಯಿತೆಂದೂ ಭಾವಿಸಿಕೊಳ್ಳಿ. ದೊಡ್ಡ ಬುಟ್ಟಿಗಳೆಷ್ಟು, ಸಣ್ಣವೆಷ್ಟು?

ತಿಳಿಯದ ಸಂಗತಿ ಎರಡು, ತಿಳಿದದ್ದು ಒಂದೇ. ಇಂಥ ಹೇಳಿಕೆಗೆ ಎರಡು ಅವ್ಯಕ್ತಗಳುಳ್ಳ ರೇಖಾತ್ಮಕ ಸಮೀಕರಣವೆಂದು ಹೆಸರು. ಎರಡು ಅವ್ಯಕ್ತಗಳಿಗೆ ಎರಡು ಸಮೀಕರಣಗಳು ಬೇಕು ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಇಲ್ಲಿಗೇ ಲೇಖನಿಯನ್ನು ಕೆಳಗಿಡುವನು. ಹಾಗೆ ಇಡಬಾರದೆಂಬುದು ನನ್ನ ಬಿನ್ನಹ; ಏಕೆಂದರೆ ಒಂಟಿ ಸಮೀಕರಣವು ಮೂಕವಲ್ಲ. ಎರಡು ದೊಡ್ಡ ಬುಟ್ಟಿಗಳನ್ನೂ ಹದಿನೆಂಟು ಸಣ್ಣವನ್ನೂ ಇಟ್ಟು ನೋಡಿರಿ: 80 ಮತ್ತು 450, ಒಟ್ಟು 530. ಇನ್ನು ಐದು ದೊಡ್ಡ ಬುಟ್ಟಿಗಳ ತೂಕವೂ ಎಂಟು ಸಣ್ಣವುಗಳ ತೂಕವೂ ಸಮವಾಗಿ 200 ಕಿಲೋ ಆಗಿರುವುದರಿಂದ, ಎಂಟು ಸಣ್ಣವನ್ನು ತೆಗೆದು ಐದು ದೊಡ್ಡದನ್ನು ಸೇರಿಸಿದರೂ ಮೊತ್ತ ಕದಲದು. ಆಗ ಏಳು ಮತ್ತು ಹತ್ತು. ಇನ್ನೊಮ್ಮೆ ಹಾಗೆಯೇ ಮಾಡಿದರೆ ಹನ್ನೆರಡು ಮತ್ತು ಎರಡು. ಮುಂದೆ ತೆಗೆಯಲು ಸಣ್ಣ ಬುಟ್ಟಿಗಳಿಲ್ಲ. ಬುಟ್ಟಿಗಳು ಪೂರ್ಣವಾಗಿ ತುಂಬಿರಬೇಕೆಂಬ ನಿರ್ಬಂಧವೊಂದರಿಂದಲೇ ಉತ್ತರಗಳು ಮೂರಕ್ಕೆ ಇಳಿದುವು. ಇಂಥ ಪೂರ್ಣಾಂಕ ಪರಿಹಾರಗಳನ್ನು ಶೋಧಿಸುವ ಕುಟ್ಟಕ ವಿಧಾನವನ್ನು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ನಿರೂಪಿಸಿದ್ದನು.

ಭಿನ್ನರಾಶಿಗಳಿಗೂ ಋಣಸಂಖ್ಯೆಗಳಿಗೂ ಅವಕಾಶವಿತ್ತರೆ ಉತ್ತರಗಳು ಅನಂತವಾಗುತ್ತವೆ. ಆದರೆ ಅನಂತವೆಂದರೆ ಅಡ್ಡಾದಿಡ್ಡಿಯೆಂದಲ್ಲ. ಪ್ರತಿಯೊಂದು ಉತ್ತರವನ್ನೂ ಕಾಗದದ ಮೇಲೆ ಬಿಂದುವಾಗಿ ಗುರುತಿಸಿದರೆ ಅವೆಲ್ಲವೂ ಒಂದೇ ಸರಳರೇಖೆಯ ಮೇಲೆ ಬಂದು ನಿಲ್ಲುತ್ತವೆ. ಬ್ರಹ್ಮಾವರದಿಂದ ಉತ್ತರಕ್ಕೆ ಹೊರಟು ಕುಂದಾಪುರವನ್ನು ದಾಟಿ ಬೈಂದೂರನ್ನು ಮುಟ್ಟುವ ಹೆದ್ದಾರಿಯನ್ನು ನೆನೆಯಿರಿ. ಮಿತ್ರರೊಬ್ಬರು ಆ ಹೆದ್ದಾರಿಯ ಮೇಲಿದ್ದಾರೆಂದು ತಿಳಿದರೆ ಅವರಿರುವ ಜಾಗ ತಿಳಿಯದಿದ್ದರೂ, ಘಟ್ಟದ ಮೇಲಾಗಲಿ ನಡುಗಡಲಿನಲ್ಲಾಗಲಿ ಅವರನ್ನು ಅರಸುವ ಶ್ರಮ ತಪ್ಪಿತು. ಅವರು ಸೀತಾನದಿಯ ಮೇಲೆಯೂ ಇದ್ದಾರೆಂಬ ಎರಡನೆಯ ವಾರ್ತೆ ಬಂದಿತೆನ್ನಿ. ಆಗ ಅವರು, ಹೆದ್ದಾರಿಯು ಆ ನದಿಯನ್ನು ದಾಟುವ ಮಾಬುಕಳದ ಸೇತುವೆಯ ಮೇಲಲ್ಲದೆ ಬೇರೆಲ್ಲಿಯೂ ಇರಲಾರರು. ಗಂಗೊಳ್ಳಿಯ ಲೆಕ್ಕದಲ್ಲಿಯೂ, ಬುಟ್ಟಿಗಳು ಒಟ್ಟು ಹದಿನೇಳು ಎಂದು ಯಾರಾದರೂ ಹೇಳಿದೊಡನೆ ಏಳು ಮತ್ತು ಹತ್ತು ಎಂಬ ಉತ್ತರವೊಂದೇ ಉಳಿಯುತ್ತದೆ.

ಎರಡನೆಯ ಮಾತು ಇದ್ದಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ಅದೇ ದಾರಿಯಲ್ಲಿ ಮುಂದೆ ಸಿಗುವ ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ; ಆ ಹರವಿನಲ್ಲಿ ದಾರಿಯೂ ಹೊಳೆಯೂ ಜೊತೆಜೊತೆಯಾಗಿ ಸಾಗುತ್ತವೆಯಲ್ಲದೆ ಒಂದನ್ನೊಂದು ಹಾಯುವುದಿಲ್ಲ. ಅಲ್ಲಿ ಒಬ್ಬರು ಏಕಕಾಲದಲ್ಲಿ ಎರಡರ ಮೇಲೆಯೂ ಇದ್ದಾರೆಂದರೆ ಆ ಮಾತೇ ಅಸಂಗತ. ಸಮಾಂತರ ರೇಖೆಗಳ ಸಮೀಕರಣಗಳಿಗೆ ಪರಿಹಾರವಿಲ್ಲದಿರುವುದು ಹೀಗೆಯೇ. ಇನ್ನು, ಮರುದಿನವೂ ಅಷ್ಟಷ್ಟೇ ಬುಟ್ಟಿಗಳು ತುಂಬಿ ಎರಡು ದಿನಕ್ಕೆ 1060 ಕಿಲೋ ಆಯಿತೆಂದರೆ, ಅದು ಮೊದಲ ಮಾತಿನ ಪುನರುಕ್ತಿ.

ಈ ಶಾಸ್ತ್ರಕ್ಕೆ ಕನ್ನಡ ನಾಡಿನಲ್ಲಿ ಪ್ರಾಚೀನವಾದ ಪರಂಪರೆಯಿದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನಪಂಡಿತನಾದ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಗೊಳಿಸಿದರು. ಅದರ ಮಿಶ್ರಕವ್ಯವಹಾರವೆಂಬ ಅಧ್ಯಾಯದಲ್ಲಿ ಬರುವ ಪ್ರಶ್ನೆಯ ತಾತ್ಪರ್ಯವಿಷ್ಟು: ಒಂಬತ್ತು ಮಾದಲಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಕೂಡಿ ಬೆಲೆ 107, ಏಳು ಮಾದಲಹಣ್ಣುಗಳಿಗೂ ಒಂಬತ್ತು ಬೇಲದ ಹಣ್ಣುಗಳಿಗೂ 101, ಒಂದೊಂದರ ಬೆಲೆಯೇನು?

ಆಚಾರ್ಯನ ಸೂತ್ರದಂತೆ, ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963, ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದ ಗುಣಿಸಿದರೆ 707. ಇವುಗಳ ಅಂತರ 256. ಒಂಬತ್ತರ ಮತ್ತು ಏಳರ ವರ್ಗಗಳ ಅಂತರವಾದ 32ರಿಂದ ಅದನ್ನು ಭಾಗಿಸಿದರೆ 8: ಇದು ಮಾದಲದ ಬೆಲೆ. ಬೇಲದ ಹಣ್ಣಿಗೆ 5. ಸೂತ್ರವು ಅಚ್ಚುಕಟ್ಟಾದುದೇ; ಆದರೂ ಎಳೆಯರಿಗೆ ಕಲಿಸುವಾಗ ನಾನು ಮೆಚ್ಚುವ ದಾರಿ ಬೇರೆ. ಎರಡು ಮಾತುಗಳನ್ನೂ ಕೂಡಿಸಿರಿ: ಎರಡು ಬಗೆಯಲ್ಲಿಯೂ ಹದಿನಾರು ಹದಿನಾರು ಹಣ್ಣುಗಳಾಗಿ ಬೆಲೆ 208, ಆದುದರಿಂದ ಒಂದು ಜೋಡಿಗೆ 13. ಒಂದರಿಂದ ಇನ್ನೊಂದನ್ನು ಕಳೆಯಿರಿ: ಎರಡು ಮಾದಲಹಣ್ಣುಗಳು ಎರಡು ಬೇಲದ ಹಣ್ಣುಗಳಿಗಿಂತ 6ರಷ್ಟು ತುಟ್ಟಿ, ಒಂದು ಒಂದಕ್ಕಿಂತ 3ರಷ್ಟು. ಕೂಡಿದರೆ 13, ಕಳೆದರೆ 3 ಆಗುವ ಸಂಖ್ಯೆಗಳು 8 ಮತ್ತು 5 ಎಂಬುದನ್ನು ಮಗುವು ಬಾಯಿಯಲ್ಲಿಯೇ ಹೇಳೀತು.

ಆದರೆ ಆಚಾರ್ಯನ ಸೂತ್ರದಲ್ಲಿಯೇ ಮರವಂತೆಯ ಸಂಕಟವೂ ಅಡಗಿದೆ. ಎರಡು ಸಲವೂ ಎಂಟೆಂಟು ಹಣ್ಣುಗಳನ್ನೇ ಕೊಂಡಿದ್ದರೆ ವರ್ಗಗಳ ಅಂತರ ಸೊನ್ನೆಯಾಗಿ, ಭಾಗಿಸಲು ಏನೂ ಉಳಿಯದು. ಆಗ ಎರಡು ಮೊತ್ತಗಳೂ ಒಂದೇ ಆಗಿದ್ದರೆ ವ್ಯಾಪಾರಿಯು ಹೇಳಿದ್ದನ್ನೇ ಹೇಳಿದನು; ಬೇರೆಬೇರೆಯಾಗಿದ್ದರೆ ಸಂತೆಯ ಧಾರಣೆಯೇ ನಡುವೆ ಬದಲಾಗಿರಬೇಕು.