ಮೂಕಪ್ರಾಣಿಗಳ ಶ್ವಾಸಕೋಶ ಚಿಕಿತ್ಸೆ



ತೊರಪಲ್ಲಿ ಅಗ್ರಹಾರದ ನಮ್ಮ ಶಾಲೆಯ ಬಾಗಿಲು ಕಾಯುತ್ತಿದ್ದ ನಾಯಿಯು ತಿಂಗಳುಗಟ್ಟಲೆ ಕೆಮ್ಮಿ ಸತ್ತಿತು. ಹಣೆಬರಹವೆಂದು ನಾವು ಸುಮ್ಮನಿದ್ದೆವು. ಅದು ನಮ್ಮ ಅಜ್ಞಾನ.

ನಾಯಿಬೆಕ್ಕುಗಳ ಶ್ವಾಸಕೋಶದಲ್ಲಿ ಬಲಗಡೆ 4, ಎಡಗಡೆ 2 ಹಾಲೆಗಳಿವೆ. ಒಂದು ಹಾಲೆಯಲ್ಲಿ ಗಡ್ಡೆ ಬೆಳೆದರೆ ಅಥವಾ ಕೀವು ಕಟ್ಟಿದರೆ ಅದಷ್ಟನ್ನೇ ಕತ್ತರಿಸಿ ತೆಗೆಯಬಹುದು. ಎದೆಯನ್ನು ತೆರೆದೊಡನೆ ಹೊರಗಾಳಿ ನುಗ್ಗಿ ಶ್ವಾಸಕೋಶವು ಕುಗ್ಗುವುದರಿಂದ, ವೈದ್ಯರು ಕೊಳವೆಯ ಮೂಲಕ ಉಸಿರು ತುಂಬುತ್ತಿರಬೇಕು. ಬಲಭಾಗವು ಆರೋಗ್ಯವಾಗಿದ್ದರೆ, ಎಡಭಾಗವನ್ನು ಪೂರ್ತಿ ತೆಗೆದರೂ ಪ್ರಾಣಿಯು ಬದುಕಬಲ್ಲದು. ದೊಡ್ಡದಾದ ಬಲಭಾಗವೇ ಹೋದರೆ ಬದುಕುವುದು ದುರ್ಲಭ. ಆದುದರಿಂದ ರೋಗವು ಹರಡುವ ಮೊದಲೇ ತೋರಿಸಬೇಕು. ಹೊಸೂರಿನಾಚೆ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ.

ಮಾತು ಬಾರದ ಜೀವಕ್ಕೆ ಕೆಮ್ಮೇ ಮೊರೆ. ಇನ್ನಾದರೂ ಅದಕ್ಕೆ ಕಿವಿಗೊಡೋಣ.